ದೂರದಲ್ಲಿರುವ ಹಸು, ನಾಯಿ, ಬೆಕ್ಕಿಗೆ ರೇಖಿ ಕೊಡುವುದು ಹೇಗೆ?

ಹಾಸನದಲ್ಲಿ ಕೂತು ಮೂಡಿಗೆರೆಯ ನಾಯಿಗೆ ರೇಖಿ ಕೊಡುತ್ತೇನೆ ಅಂದರೆ ಕೇಳಿದವರು ಮೊದಲು ನಗುತ್ತಾರೆ. (ರೇಖಿ ಅಂದರೆ ಅಂಗೈ ಮೂಲಕ ಜೀವಶಕ್ತಿ ಹರಿಸಬಹುದು ಅನ್ನುವ ನಂಬಿಕೆಯ ಪದ್ಧತಿ.) ನಕ್ಕವರೇ ಸ್ವಲ್ಪ ಹೊತ್ತು ಬಿಟ್ಟು, "ಅಲ್ಲಾ, ನಮ್ಮನೆ ಹಸು ನಿನ್ನೆಯಿಂದ ಸರಿಯಾಗಿ ತಿಂತಿಲ್ಲ, ಅದಕ್ಕೂ ಒಂಚೂರು ಕೂರ್ತೀರಾ?" ಅನ್ನುತ್ತಾರೆ. ನಮ್ಮ ಕಡೆ ಇದೇನೂ ಹೊಸದಲ್ಲ. ದನಕ್ಕೆ ಹುಷಾರಿಲ್ಲ ಅಂದರೆ ಅಜ್ಜಿಯರು ಮಂಜುನಾಥನ ಹೆಸರಲ್ಲಿ ಮುಡಿಪು ಕಟ್ಟಿಡುತ್ತಿದ್ದರು. ಹಾಲು ಕಡಿಮೆಯಾದರೆ ಉಪ್ಪು, ಮೆಣಸಿನಕಾಯಿ ನೀವಾಳಿಸಿ ಒಲೆಗೆ ಹಾಕುತ್ತಿದ್ದರು. ಕೂತಲ್ಲಿಂದಲೇ ದನಕರುಗೆ ಒಳ್ಳೆಯದನ್ನು ಬಯಸುವ ಅಭ್ಯಾಸ ಮನೆಮನೆಯಲ್ಲೂ ಇತ್ತು.

ಈಗ ಅದರ ಅಗತ್ಯ ಇನ್ನೂ ಜಾಸ್ತಿಯಾಗಿದೆ. ಮಕ್ಕಳು ಬೆಂಗಳೂರಿನಲ್ಲಿ, ಅಪ್ಪ ಅಮ್ಮ ಮತ್ತು ವಯಸ್ಸಾದ ನಾಯಿ ತೋಟದ ಮನೆಯಲ್ಲಿ. ಮಳೆಗಾಲದಲ್ಲಿ ಕಳಸ, ಬಾಳೆಹೊನ್ನೂರಿನ ಕಡೆ ಮರ ಬಿದ್ದು ರಸ್ತೆ ಕಟ್ಟಿದರೆ ಹೋಗುವುದಕ್ಕೂ ಆಗುವುದಿಲ್ಲ. ಅಂಥವರು ಕೂತಲ್ಲಿಂದಲೇ ಏನು ಮಾಡಬಹುದು, ಏನು ಮಾಡಬಾರದು ಅನ್ನುವುದನ್ನು ಇಲ್ಲಿ ಹೇಳುತ್ತೇನೆ. ರೇಖಿ ಕಲಿತವರಿಗೆ ಜಾಸ್ತಿ ಉಪಯೋಗ. ಕಲಿಯದವರೂ ಚಿಹ್ನೆಗಳ ಭಾಗ ಬಿಟ್ಟು ಉಳಿದದ್ದನ್ನೆಲ್ಲ ಮಾಡಬಹುದು.

ನಂಬಿಕೆಗೂ ಲೆಕ್ಕಕ್ಕೂ ಜಗಳ ಬೇಡ

ರೇಖಿ ಜಪಾನಿನಿಂದ ಬಂದದ್ದು. ಮಿಕಾವೊ ಉಸುಯಿ ಅನ್ನುವವರು 1922ರಲ್ಲಿ ಕುರಾಮ ಬೆಟ್ಟದಲ್ಲಿ ಉಪವಾಸ ಕೂತು ಇದನ್ನು ಕಂಡುಕೊಂಡರು ಅಂತ ಪರಂಪರೆ ಹೇಳುತ್ತದೆ. ಹವಾಯೊ ತಕಾತ ಅನ್ನುವ ಮಹಿಳೆ 1930ರ ದಶಕದ ಕೊನೆಗೆ ಅದನ್ನು ಹವಾಯಿಗೆ ತಂದರು, ಅಲ್ಲಿಂದ ಎಲ್ಲ ಕಡೆ ಹಬ್ಬಿತು. ಇದನ್ನು ಹಂತ ಹಂತವಾಗಿ ಕಲಿಸುತ್ತಾರೆ, ಎರಡನೇ ಹಂತದ ದೀಕ್ಷೆಯಲ್ಲಿ ದೂರದಿಂದ ಕೊಡುವ ವಿಧಾನ, ಅದಕ್ಕೆ ಬಳಸುವ ಚಿಹ್ನೆಗಳನ್ನು ಹೇಳಿಕೊಡುತ್ತಾರೆ.

ಈ ಶಕ್ತಿಯನ್ನು ಯಾವ ಉಪಕರಣವೂ ಅಳೆದಿಲ್ಲ. ದೂರದಿಂದ ಕೊಟ್ಟ ರೇಖಿ ಯಾವುದೇ ಕಾಯಿಲೆಯನ್ನು ವಾಸಿ ಮಾಡುತ್ತದೆ ಅಂತ ವಿಜ್ಞಾನ ಒಪ್ಪಿಕೊಂಡಿಲ್ಲ. ಇದನ್ನು ಮುಚ್ಚಿಟ್ಟು ಮಾಡುವ ಸೇವೆ ನನಗೆ ಒಪ್ಪಿಗೆಯಿಲ್ಲ. ಜೊತೆಗೆ ಪ್ರಾಣಿಗಳ ವಿಷಯದಲ್ಲಿ ಇನ್ನೊಂದು ತೊಡಕಿದೆ. ನಾಯಿ ಬಾಯಿಬಿಟ್ಟು "ನೋವು ಕಡಿಮೆಯಾಯ್ತು" ಅನ್ನುವುದಿಲ್ಲ, ಅದರ ಪರವಾಗಿ ಹೇಳುವವರು ನಾವು. 2012ರಲ್ಲಿ ಅಮೆರಿಕದ ಪಶುವೈದ್ಯ ಪತ್ರಿಕೆಯೊಂದರಲ್ಲಿ ಕೀಲುನೋವಿನಿಂದ ಕುಂಟುವ ನಾಯಿಗಳ ಅಧ್ಯಯನ ಬಂತು. ಔಷಧವೇ ಇಲ್ಲದ ಮಾತ್ರೆ ತಿಂದ ನಾಯಿಗಳ ಕಾಲು ಎಷ್ಟು ಭಾರ ಹೊರುತ್ತದೆ ಅಂತ ಯಂತ್ರದಲ್ಲಿ ಅಳೆದರು. ಯಂತ್ರದಲ್ಲಿ ಏನೂ ಬದಲಾವಣೆ ಕಾಣದಿದ್ದರೂ ಅರ್ಧಕ್ಕಿಂತ ಜಾಸ್ತಿ ಸಲ ಮನೆಯವರು "ಸುಧಾರಿಸಿದೆ" ಅಂದಿದ್ದರು. ಪರೀಕ್ಷೆ ಮಾಡಿದ ಡಾಕ್ಟರ್‌ಗಳ ಕಣ್ಣೂ ಎಷ್ಟೋ ಸಲ ಹಾಗೇ ಮೋಸ ಹೋಗಿತ್ತು. ಪ್ರೀತಿ ಇದ್ದಲ್ಲಿ ಕಣ್ಣು ತನಗೆ ಬೇಕಾದ್ದನ್ನೇ ನೋಡುತ್ತದೆ.

ಅದಕ್ಕೇ ನಾನು "ಹೇಗನ್ನಿಸ್ತು" ಅಂತ ಕೇಳುವುದಕ್ಕಿಂತ ಜಾಸ್ತಿ "ಎಷ್ಟಿದೆ" ಅಂತ ಕೇಳುತ್ತೇನೆ. ಎಷ್ಟು ತಿಂತು, ಎಷ್ಟು ಸಲ ಉಸಿರಾಡಿತು, ಜ್ವರ ಎಷ್ಟು. ದೂರದ ರೇಖಿಯಲ್ಲಿ ಯಾರೂ ಕಿತ್ತುಕೊಳ್ಳಲಾಗದ ಲಾಭ ಅಂದರೆ ಇದೇ. ಅಷ್ಟು ಹೊತ್ತು ಮನೆಯವರು ಕೈಕೆಲಸ ಬಿಟ್ಟು ಪ್ರಾಣಿಯ ಪಕ್ಕ ಕೂತು ಗಮನಕೊಟ್ಟು ನೋಡುತ್ತಾರೆ. ಉಳಿದದ್ದು ನಿಮ್ಮ ನಿಮ್ಮ ನಂಬಿಕೆ.

ಕೂರುವ ಮೊದಲು ಡಾಕ್ಟರ್

ಫೋನ್ ಬಂದ ಕೂಡಲೇ ಕಣ್ಣು ಮುಚ್ಚಿ ಕೂರಬೇಡಿ. ಮೊದಲ ಪ್ರಶ್ನೆ, "ಡಾಕ್ಟರ್‌ಗೆ ಹೇಳಿದ್ರಾ?" ಇಲ್ಲ ಅಂದರೆ ಅದು ಮೊದಲು ಆಗಲಿ. ದನಕರುಗೆ ಪಶು ಸಂಜೀವಿನಿಯ 1962 ನಂಬರ್ ಇದೆ, ಫೋನ್ ಮಾಡಿದರೆ ಸಂಚಾರಿ ಚಿಕಿತ್ಸಾಲಯದ ಗಾಡಿ ಬರುತ್ತದೆ. ಹಾಸನದಲ್ಲಿ ಪಶುವೈದ್ಯಕೀಯ ಕಾಲೇಜೇ ಇದೆ. ಹಳ್ಳಿಯಲ್ಲಿ ಹತ್ತಿರದ ಪಶು ಆಸ್ಪತ್ರೆಯವರ ನಂಬರ್ ಬೇಕಾದರೆ ಡೈರಿಯಲ್ಲಿ ಕೇಳಿದರೆ ಸಾಮಾನ್ಯವಾಗಿ ಸಿಗುತ್ತದೆ.

ಕೆಲವು ಲಕ್ಷಣ ಕೇಳಿದರೆ ರೇಖಿಯ ಮಾತೇ ಎತ್ತಬೇಡಿ. ಹಸುವಿನ ಎಡಗಡೆ ಹೊಟ್ಟೆ ತಮಟೆ ಹಾಗೆ ಬಿಗಿದು ಉಬ್ಬಿದ್ದರೆ ಒಂದೊಂದು ನಿಮಿಷವೂ ಲೆಕ್ಕ. ಕರು ಹಾಕಿ ಒಂದೆರಡು ದಿನದೊಳಗೆ ಹಸು ನೆಲ ಹಿಡಿದು, ಕತ್ತು ಪಕ್ಕಕ್ಕೆ ಹೊರಳಿಸಿ, ಕಿವಿ ತಣ್ಣಗಾಗಿದ್ದರೆ ಅದು ಹಾಲುಜ್ವರ ಇರಬಹುದು. ಜ್ವರ ಅಂತ ಹೆಸರು, ಮೈ ಮಾತ್ರ ತಣ್ಣಗಿರುತ್ತದೆ. ರಕ್ತದಲ್ಲಿ ಕ್ಯಾಲ್ಸಿಯಂ ಕುಸಿದಿರುತ್ತದೆ, ಡಾಕ್ಟರ್ ನರಕ್ಕೆ ಬಾಟಲಿ ಏರಿಸಬೇಕು. ಇಂಥ ಹೊತ್ತಲ್ಲಿ ಯಾರಾದರೂ ಗೊಟ್ಟ ತಂದು ಬಾಯಿಗೆ ಏನಾದರೂ ಹೊಯ್ಯಲು ಹೊರಟರೆ ತಡೆಯಿರಿ. ನುಂಗುವ ಶಕ್ತಿ ಇಲ್ಲದ ಹಸುವಿಗೆ ಅದು ಶ್ವಾಸಕೋಶಕ್ಕೆ ಇಳಿಯುತ್ತದೆ.

ಗಂಡು ಬೆಕ್ಕು ಮತ್ತೆಮತ್ತೆ ಕೂತು ಮುಕ್ಕರಿದರೂ ಉಚ್ಚೆ ಬರುತ್ತಿಲ್ಲವಾ? ಅದೂ ತುರ್ತು. ಮನೆಯವರು ಇದನ್ನು ಮಲಬದ್ಧತೆ ಅಂದುಕೊಂಡು ಒಂದು ದಿನ ಕಳೆದುಬಿಡುತ್ತಾರೆ, ಆ ಒಂದು ದಿನ ಬೆಕ್ಕಿನ ಜೀವಕ್ಕೇ ಕುತ್ತು. ಹಾವು ಕಚ್ಚಿದ್ದು, ಇಲಿ ಪಾಷಾಣ ಅಥವಾ ತೋಟಕ್ಕೆ ಹೊಡೆಯುವ ಔಷಧಿ ಬಾಯಿಗೆ ಹೋದದ್ದು, ದೊಡ್ಡ ಜಾತಿಯ ನಾಯಿ ಹೊಟ್ಟೆ ಉಬ್ಬಿ ಒಣವಾಂತಿಗೆ ಒದ್ದಾಡುವುದು, ಇವೆಲ್ಲ ಇದೇ ಸಾಲಿಗೆ ಬರುತ್ತವೆ.

ನಾಯಿಯ ಸ್ವಭಾವ ಇದ್ದಕ್ಕಿದ್ದ ಹಾಗೆ ಬದಲಾಗಿ, ಜೊಲ್ಲು ಸುರಿಸುತ್ತಾ ಸಿಕ್ಕಿದ್ದನ್ನೆಲ್ಲ ಕಚ್ಚುತ್ತಿದ್ದರೆ ರೇಬೀಸ್ ಅನುಮಾನಪಡಬೇಕು. ಯಾರೂ ಹತ್ತಿರ ಹೋಗಬಾರದು. ಕಚ್ಚಿಸಿಕೊಂಡವರು ಗಾಯವನ್ನು ಸೋಪು ಹಾಕಿ ಹರಿಯುವ ನೀರಲ್ಲಿ 15 ನಿಮಿಷ ತೊಳೆದು, ಅದೇ ದಿನ ಲಸಿಕೆಗೆ ಹೋಗಬೇಕು. ಲಕ್ಷಣ ಶುರುವಾದ ಮೇಲೆ ರೇಬೀಸ್‌ಗೆ ಮದ್ದಿಲ್ಲ.

ಮದ್ದಿನ ಹೆಸರು ನೀವು ಹೇಳಬೇಡಿ. ನೋಂದಾಯಿತ ಪಶುವೈದ್ಯರಲ್ಲದವರು ಚಿಕಿತ್ಸೆ ಮಾಡುವ ಹಾಗಿಲ್ಲ ಅಂತ 1984ರ ಭಾರತೀಯ ಪಶುವೈದ್ಯ ಪರಿಷತ್ ಕಾಯ್ದೆ ಇದೆ. ಡಾಕ್ಟರ್ ಕೊಟ್ಟ ಮದ್ದನ್ನು ನಿಲ್ಲಿಸಿ ಅಂತ ಹೇಳುವುದಂತೂ ದೊಡ್ಡ ತಪ್ಪು.

ಕೇಳದೆ ಕೂರಬೇಡಿ

ಪ್ರಾಣಿ ಯಾರದ್ದೋ ಅವರನ್ನು ಕೇಳಿಯೇ ಮಾಡಬೇಕು. ನೀತಿಯ ಮಾತು ಹಾಗಿರಲಿ, ಊರಿನ ವ್ಯವಹಾರಕ್ಕೂ ಇದೇ ಕ್ಷೇಮ. ಪಕ್ಕದ ಮನೆ ಹಸುವಿಗೆ ನೀವು ಸುಮ್ನೆ ಒಳ್ಳೆ ಮನಸ್ಸಿಂದ ಕೂತಿರುತ್ತೀರಿ. ಮರುದಿನ ಅದರ ಹಾಲು ಇಳಿದರೆ, ನೀವು ಕಣ್ಣುಮುಚ್ಚಿ ಅದರ ಕಡೆ ಕೈ ಚಾಚಿದ್ದು ಹೇಗೋ ಗೊತ್ತಾದರೆ, ಮುಗೀತು. ದೃಷ್ಟಿ ಹಾಕಿದವರು ನೀವೇ!

ಕೇಳುವಾಗ ಸರಳವಾಗಿ ಕೇಳಿ. "ಅಕ್ಕಾ, ಡಾಕ್ಟರ್ ಹೇಳಿದ್ದನ್ನ ಮಾಡ್ತಾ ಇರಿ. ಜೊತೆಗೆ ನಾನು ಇಲ್ಲಿಂದ ಒಂದರ್ಧ ಗಂಟೆ ಕೂರ್ತೀನಿ. ವಾಸಿಯಾಗುತ್ತೆ ಅಂತ ಮಾತು ಕೊಡಲ್ಲ. ಆಗಬಹುದಾ?" ಇಷ್ಟು ಸಾಕು. ಮನೆಯ ಯಜಮಾನರಿಗೆ ಇದು ಹಿಡಿಸದಿದ್ದರೆ ಅಲ್ಲಿಗೇ ಬಿಡಿ.

ಪ್ರಾಣಿಯ ಒಪ್ಪಿಗೆ ಅನ್ನುವುದೂ ಒಂದಿದೆ. ಪ್ರಾಣಿಗಳಿಗೆ ರೇಖಿ ಕೊಡುವವರಲ್ಲಿ ಅನೇಕರು "ಕಳಿಸುವುದು" ಅನ್ನದೆ "ಜೊತೆಗಿರುವುದು" ಅನ್ನುತ್ತಾರೆ. ಮನಸ್ಸಿನಲ್ಲೇ ಅದರ ಹೆಸರು ಕರೆದು, "ಬೇಕಾದಷ್ಟು ತಗೋ, ಬೇಡದಿದ್ದರೆ ಬಿಡು" ಅಂತ ಶುರು ಮಾಡುತ್ತಾರೆ. ನನಗೂ ಇದೇ ಸರಿ ಕಾಣುತ್ತದೆ. ಕಾಯಿಲೆ ಬಿದ್ದ ಪ್ರಾಣಿಗೆ ಇಂಜೆಕ್ಷನ್, ಹಗ್ಗ, ಬಾಯಿಗೆ ಹಾಕುವ ಮದ್ದು ಅಂತ ಒತ್ತಾಯ ಆಗಲೇ ಬೇಕಾದಷ್ಟಾಗಿರುತ್ತದೆ.

ಏನೇನು ಕೇಳಿಕೊಳ್ಳಬೇಕು

ಒಂದು ಫೋಟೊ, ಹೆಸರು, ವಯಸ್ಸು, ಡಾಕ್ಟರ್ ಏನಂದರು. ಹೆಸರು ಅಂದರೆ ಕೊಟ್ಟಿಗೆಯಲ್ಲಿ ಕೂಗುವ ಹೆಸರು. ಲಸಿಕೆ ಕಾರ್ಡಿನಲ್ಲಿ ರಾಕಿ ಅಂತಿದ್ದು ಮನೆಯಲ್ಲಿ ಕರಿಯ ಅಂತ ಕರೆಯುತ್ತಿದ್ದರೆ ಕರಿಯನೇ ಸರಿ. ಕಾಡಿಗೆ ಬಿಟ್ಟು ಮೇಯಿಸುವ ಮಲೆನಾಡು ಗಿಡ್ಡ ತಳಿಯ ದನಗಳಿಗೆ ಫೋಟೊ ಇರುವುದು ಕಡಿಮೆ. ಬಣ್ಣ, ಕೋಡಿನ ಆಕಾರ, ಸಂಜೆ ಹೊತ್ತು ಹೇಗೆ ಕರೆಯುತ್ತಾರೆ ಅಂತ ಕೇಳಿಕೊಂಡರೆ ಆಯಿತು. ಆ ಕೂಗನ್ನೇ ವಾಯ್ಸ್ ಮೆಸೇಜ್ ಮಾಡಿ ಕಳಿಸಿ ಅಂದರೆ ಇನ್ನೂ ಒಳ್ಳೆಯದು. ರೇಖಿಗೆ ನೆಟ್‌ವರ್ಕ್ ಬೇಡ, ಈ ವಿಷಯ ತಿಳಿಯುವುದಕ್ಕೆ ಬೇಕು. ಜುಲೈ ತಿಂಗಳಲ್ಲಿ ಶೃಂಗೇರಿ, ಕೊಪ್ಪದ ಕಡೆಯವರಾದರೆ ಕರೆಂಟ್ ಇರುವಾಗಲೇ ಎಲ್ಲ ಕೇಳಿಟ್ಟುಕೊಳ್ಳಿ.

ಸಾಧ್ಯವಿದ್ದರೆ ಒಂದು ನಿಮಿಷದ ವಿಡಿಯೊ ತರಿಸಿ. ಹಸುವಿನ ವಿಡಿಯೊ ಬಂದರೆ ನಾನು ಮೊದಲು ನೋಡುವುದು ಮೂತಿ. ಹುಷಾರಾಗಿರುವ ಹಸುವಿನ ಮೂತಿಯ ಮೇಲೆ ಬೆವರಿನ ಹನಿಗಳು ಸಾಲುಗಟ್ಟಿ ಹೊಳೆಯುತ್ತವೆ, ಆಗಾಗ ನಾಲಿಗೆ ಚಾಚಿ ಮೂಗಿನ ಹೊಳ್ಳೆ ಒರೆಸಿಕೊಳ್ಳುತ್ತದೆ. ಮೂತಿ ಒಣಗಿ ಸಿಪ್ಪೆ ಎದ್ದಿದ್ದರೆ ಜ್ವರ ಇದೆಯಾ ನೋಡಬೇಕು. ಆಮೇಲೆ ಕಿವಿ. ನೊಣ ಕೂತರೂ ಕಿವಿ ಬಡಿಯದೆ ಜೋಲು ಬಿಟ್ಟಿದೆಯಾ? ಗೋದಲಿಯಲ್ಲಿ ಬೆಳಗಿನ ಹುಲ್ಲು ಹಾಗೇ ಇದೆಯಾ? ಹಿಂದೆ ಬಿದ್ದಿರುವ ಸಗಣಿ ಗಟ್ಟಿ ಉಂಡೆಯಾ, ನೀರಾ? ಇಷ್ಟನ್ನು ನೋಡುವುದಕ್ಕೆ ದೀಕ್ಷೆ ಬೇಡ, ಆದರೆ ಡಾಕ್ಟರ್ ಫೋನಿನಲ್ಲಿ ಸಿಕ್ಕಾಗ ಕೇಳುವುದು ಇದನ್ನೇ. ಮನೆಯವರು ಥಟ್ಟನೆ ಉತ್ತರ ಕೊಡುವ ಹಾಗಾಗುತ್ತದೆ.

ಹೊತ್ತು ಗೊತ್ತು ಮಾಡುವುದು

ಹಾಲು ಕರೆಯುವ ಹೊತ್ತು ಬೇಡ. ಬೆಳಗ್ಗೆ ಮತ್ತು ಸಂಜೆ ಡೈರಿ ಮುಚ್ಚುವುದರೊಳಗೆ ಕ್ಯಾನ್ ತಲುಪಿಸುವ ಗಡಿಬಿಡಿ ಇರುತ್ತದೆ, ಆಗ ಯಾರಿಗೂ ಸಮಾಧಾನ ಇರುವುದಿಲ್ಲ. ಮೇವು ಆಗಿ, ಹಸು ಮಲಗಿ ಮೆಲುಕು ಹಾಕುವ ಮಧ್ಯಾಹ್ನ ಚೆನ್ನ. ನಾಯಿಗೆ ರಾತ್ರಿ ಊಟವಾದ ಮೇಲೆ. ಬೆಕ್ಕು ಹೇಗೂ ದಿನವಿಡೀ ಮಲಗಿರುತ್ತದೆ, ಅದು ಮಲಗಿದಾಗ ನೀವು ಕೂರಿ.

ಕೂರುವ ಕ್ರಮ

ಫೋನ್ ಸೈಲೆಂಟ್ ಮಾಡಿ, ಬೆನ್ನು ನೇರ ಇಟ್ಟು ಕೂರಿ. ಚಾಪೆ, ಕುರ್ಚಿ ಯಾವುದಾದರೂ ಸರಿ. ಎದೆಯ ಮುಂದೆ ಕೈ ಮುಗಿದು ಕೆಲವು ಉಸಿರು ಸುಮ್ನೆ ಗಮನಿಸಿ. ಉಸಿರನ್ನು ಹೊಕ್ಕುಳ ಕೆಳಗಿನವರೆಗೆ ಎಳೆದು ನಿಧಾನವಾಗಿ ಬಿಡಿ. ಉಸುಯಿಯವರ ಐದು ಸೂತ್ರ ಗೊತ್ತಿದ್ದರೆ ಮನಸ್ಸಿನಲ್ಲಿ ಹೇಳಿಕೊಳ್ಳಿ: ಇವತ್ತಿನ ಮಟ್ಟಿಗೆ ಸಿಟ್ಟು ಮಾಡಲ್ಲ, ಚಿಂತೆ ಮಾಡಲ್ಲ, ಸಿಕ್ಕಿದ್ದಕ್ಕೆ ಕೃತಜ್ಞತೆಯಿಂದ ಇರ್ತೀನಿ, ಕೆಲಸ ನಿಯತ್ತಾಗಿ ಮಾಡ್ತೀನಿ, ಎಲ್ಲ ಜೀವದ ಮೇಲೂ ದಯೆ ಇಡ್ತೀನಿ. ಎರಡನೆಯದು ಇಲ್ಲಿ ತುಂಬಾ ಮುಖ್ಯ. ನೀವೇ ಗಾಬರಿಯಲ್ಲಿದ್ದರೆ ಇವತ್ತು ಬಿಡಿ, ನಾಳೆ ಕೂರಿ.

ಎರಡನೇ ಹಂತ ಆದವರು ದೂರದ ಚಿಹ್ನೆಯಾದ ಹೊನ್ ಶಾ ಝೆ ಶೋ ನೆನ್ ಅನ್ನು ಗುರುಗಳು ಹೇಳಿಕೊಟ್ಟ ಹಾಗೆ ಗಾಳಿಯಲ್ಲೋ ಮನಸ್ಸಿನಲ್ಲೋ ಬರೆದು, ಪ್ರಾಣಿಯ ಹೆಸರು, ಊರು ಹೇಳಿ. ಆಮೇಲೆ ಶಕ್ತಿಯ ಚಿಹ್ನೆ ಚೋ ಕು ರೇ. ಹೆದರಿದ ಪ್ರಾಣಿಯಾದರೆ ಮನಸ್ಸಿನ ಸಮಾಧಾನದ ಚಿಹ್ನೆ ಸೇ ಹೇ ಕಿ ಕೂಡ. ಚಿಹ್ನೆ ಕಲಿಯದವರು ಇದನ್ನು ಬಿಟ್ಟು, ಹೆಸರು ಕರೆದು ಅದರ ಪಕ್ಕ ಕೂತಿದ್ದೇನೆ ಅಂದುಕೊಳ್ಳಿ.

ಕೈ ಎಲ್ಲಿಡಬೇಕು ಅಂತ ಎಲ್ಲರೂ ಕೇಳುತ್ತಾರೆ. ಕೆಲವರು ಫೋಟೊವನ್ನು ಎರಡು ಅಂಗೈ ನಡುವೆ ಇಟ್ಟುಕೊಳ್ಳುತ್ತಾರೆ. ಕೆಲವರು ದಿಂಬನ್ನೋ ಬೊಂಬೆಯನ್ನೋ ಪ್ರಾಣಿ ಅಂದುಕೊಂಡು ತಲೆಯಿಂದ ಬಾಲದವರೆಗೆ ಕೈ ಇಡುತ್ತಾ ಹೋಗುತ್ತಾರೆ. ಇನ್ನೊಂದು ರೂಢಿ ತೊಡೆಯ ಮೇಲೆ ಕೈ ಇಡುವುದು. ಬಲ ತೊಡೆ ಪ್ರಾಣಿಯ ಮುಂಭಾಗ, ಎಡ ತೊಡೆ ಹಿಂಭಾಗ ಅಂತ ಭಾವಿಸಿಕೊಂಡರೆ ಸಾಕು. ಬಸ್ಸಿನಲ್ಲೂ ಮಾಡಬಹುದು, ಯಾರೂ ತಿರುಗಿ ನೋಡುವುದಿಲ್ಲ. ನನಗೆ ದಿಂಬು ಸ್ವಲ್ಪ ನಾಟಕ ಅನ್ನಿಸುತ್ತದೆ, ಆದರೆ ಮನಸ್ಸು ಓಡಾಡುವವರಿಗೆ ಕೈಗೊಂದು ಕೆಲಸ ಇದ್ದರೆ ಅನುಕೂಲ.

ಅಂಗೈ ಬಿಸಿಯಾಗಬಹುದು, ಜುಮ್ಮೆನ್ನಬಹುದು, ಏನೂ ಆಗದೆಯೂ ಇರಬಹುದು. ಇದರ ಮೇಲೆ ಕಾಯಿಲೆ ಗುರುತಿಸಲು ಹೋಗಬೇಡಿ. "ನನ್ನ ಕೈ ಬಿಸಿಯಾಯ್ತು, ನಿಮ್ಮ ನಾಯಿಗೆ ಲಿವರ್ ತೊಂದರೆ ಇದೆ" ಅಂದುಬಿಟ್ಟರೆ ಆ ಮನೆಯವರು ರಾತ್ರಿಯೆಲ್ಲ ನಿದ್ದೆ ಮಾಡುವುದಿಲ್ಲ. ನಿಮ್ಮ ಕೈ ನಿಮ್ಮದು, ಲಿವರ್ ನೋಡುವುದು ರಕ್ತಪರೀಕ್ಷೆ.

ಇಪ್ಪತ್ತರಿಂದ ಮೂವತ್ತು ನಿಮಿಷ ಸಾಕು. ಮುಗಿಸುವಾಗ ಕೈ ಮುಗಿದು, ಹೆಸರು ಹೇಳಿ, ಬಿಟ್ಟುಬಿಡಿ. ಕೈ ತೊಳೆದು ಒಂದು ಲೋಟ ನೀರು ಕುಡಿಯಿರಿ. ಸಾಮಾನ್ಯವಾಗಿ ಮೂರು ನಾಲ್ಕು ದಿನ ಸತತವಾಗಿ ಕೂರುವ ರೂಢಿ ಇದೆ.

ಅದೇ ಹೊತ್ತಿಗೆ ಆ ಕಡೆ ಏನಾಗಬೇಕು

ನೀವು ಕೂತಾಗ ಮನೆಯವರಲ್ಲಿ ಒಬ್ಬರು ಪ್ರಾಣಿಯ ಹತ್ತಿರ ಸ್ಟೂಲ್ ಹಾಕಿಕೊಂಡು ಕೂರಲಿ. ನಾಯಿಯನ್ನು ಕಟ್ಟಬಾರದು, ಎದ್ದು ಹೋದರೆ ಹೋಗಲಿ. ಹಸುವಿನ ಹಗ್ಗ ಸ್ವಲ್ಪ ಸಡಿಲ ಬಿಡಲಿ. ಟಿವಿ ಬೇಡ, ಫೋನ್ ಬೇಡ, ಕೈಯಲ್ಲಿ ಗಡಿಯಾರ ಇರಲಿ.

ಅವರಿಗೊಂದು ಕೆಲಸ ಕೊಡಿ. ನಾಯಿ, ಬೆಕ್ಕು ಮಲಗಿದಾಗ ಪಕ್ಕೆ ಏರಿ ಇಳಿಯುವುದನ್ನು 30 ಸೆಕೆಂಡ್ ಎಣಿಸಿ ಎರಡರಿಂದ ಗುಣಿಸಬೇಕು. ನಿದ್ದೆಯಲ್ಲಿ ನಿಮಿಷಕ್ಕೆ 30ಕ್ಕಿಂತ ಕಡಿಮೆ ಇರಬೇಕು. ಮತ್ತೆಮತ್ತೆ ಎಣಿಸಿದರೂ ಜಾಸ್ತಿ ಬಂದರೆ ಡಾಕ್ಟರ್‌ಗೆ ಹೇಳಬೇಕು, ಅದರಲ್ಲೂ ಹೃದಯದ ತೊಂದರೆ ಇರುವ ನಾಯಿಯಾದರೆ ತಡ ಮಾಡಬಾರದು.

ಹಸುವಿಗಾದರೆ ಎಡಪಕ್ಕೆಯಲ್ಲಿ, ಕೊನೆಯ ಪಕ್ಕೆಲುಬಿನ ಹಿಂದಿನ ಗುಳಿಯಲ್ಲಿ ಮುಷ್ಟಿ ಒತ್ತಿ ಇಡಲು ಹೇಳಿ. ಒಳಗಿಂದ ಏನೋ ಉರುಳಿ ಬಂದು ಮುಷ್ಟಿಯನ್ನು ನಿಧಾನವಾಗಿ ಹೊರಗೆ ತಳ್ಳುತ್ತದೆ. ಅದು ಮೇವಿನ ಹೊಟ್ಟೆಯ ಅಲೆ. ನಿಮಿಷಕ್ಕೆ ಒಂದೆರಡು ಸಲ ಬರಬೇಕು. ಐದು ನಿಮಿಷ ಇಟ್ಟರೂ ಏನೂ ಬಾರದಿದ್ದರೆ ಹೊಟ್ಟೆ ನಿಂತಿದೆ ಅಂತ ಲೆಕ್ಕ. ಇದನ್ನು ಮೊದಲ ಸಲ ಕೈಯಲ್ಲಿ ಅನುಭವಿಸಿದವರ ಮುಖ ನೋಡಬೇಕು! ಎಷ್ಟೋ ವರ್ಷ ಹಸು ಸಾಕಿದವರೂ ಕೆಲವರು ಅಲ್ಲಿ ಕೈ ಇಟ್ಟು ನೋಡಿರುವುದಿಲ್ಲ. ಥರ್ಮಾಮೀಟರ್ ಇದ್ದರೆ ಗುದದಲ್ಲಿಟ್ಟು ಜ್ವರವನ್ನೂ ನೋಡಬಹುದು. ಹಸುವಿಗೆ 101.5 ಡಿಗ್ರಿ ಫ್ಯಾರನ್‌ಹೀಟ್ ಆಸುಪಾಸು ಸಹಜ, 103 ದಾಟಿದರೆ ಜ್ವರ.

ಇದನ್ನೆಲ್ಲ ರೇಖಿಗೆ ಮುಂಚೆ ಒಂದು ಸಲ, ಮುಗಿದ ಮೇಲೆ ಒಂದು ಸಲ ಬರೆದಿಡಲಿ. ಗೋಡೆಯ ಕ್ಯಾಲೆಂಡರಿನ ಆ ದಿನದ ಚೌಕದಲ್ಲೇ ಗೀಚಿದರೂ ಆಯಿತು. ಎರಡನೇ ದಿನ ಅಂಕಿ ಕೆಟ್ಟಿದ್ದರೆ, ನಿಮಗೆ ಎಷ್ಟೇ ಒಳ್ಳೆಯ ಅನುಭವ ಆಗಿರಲಿ, ಅಂಕಿಯ ಮಾತೇ ಕೊನೆ. ಮತ್ತೆ ಡಾಕ್ಟರ್.

ಕೆಲವು ಪ್ರಾಣಿಗಳ ವಿಷಯ ಬೇರೆ

ಅಮೃತಮಹಲ್ ದನಗಳನ್ನು ನೋಡಿದ್ದರೆ ಗೊತ್ತಿರುತ್ತದೆ. ಅಜ್ಜಂಪುರದ ತಳಿ ಕೇಂದ್ರ ಇರುವುದು ನಮ್ಮ ಚಿಕ್ಕಮಗಳೂರು ಜಿಲ್ಲೆಯಲ್ಲೇ. ಕಾವಲಿನಲ್ಲಿ, ಅಂದರೆ ಬಯಲ ಹುಲ್ಲುಗಾವಲಿನಲ್ಲಿ, ಬೆಳೆದ ದನ ಅಪರಿಚಿತರನ್ನು ಹತ್ತಿರ ಸೇರಿಸುವುದಿಲ್ಲ, ಕೋಡು ನೋಡಿದರೆ ನಮಗೂ ಸೇರುವ ಆಸೆ ಇರುವುದಿಲ್ಲ. ಅಂಥ ದನಕ್ಕೆ ಕೈ ಇಟ್ಟು ಕೊಡುವುದಕ್ಕಿಂತ ದೂರದಿಂದ ಕೊಡುವುದೇ ವಾಸಿ.

ಪಟಾಕಿಗೆ ಹೆದರುವ ನಾಯಿಗಳ ಕರೆ ದೀಪಾವಳಿಗೆ ಮಾತ್ರ ಬರುವುದಿಲ್ಲ. ಆಲೂರು, ಸಕಲೇಶಪುರದ ಕಡೆ ಆನೆ ಓಡಿಸಲು ವರ್ಷವಿಡೀ ಪಟಾಕಿ ಹೊಡೆಯುತ್ತಾರೆ. ಇಂಥ ನಾಯಿಗೆ ಕೂರುವ ಮೊದಲು ಮನೆಯ ಒಳಕೋಣೆಯಲ್ಲಿ, ಮಂಚದ ಕೆಳಗೋ ಮೂಲೆಯಲ್ಲೋ, ಹಳೇ ಕಂಬಳಿ ಹಾಕಿ ಜಾಗ ಮಾಡಿಸಿ. ಕಿಟಕಿ ಮುಚ್ಚಿಸಿ. ಅಡಗಿದ ನಾಯಿಯನ್ನು ಎಳೆದು ತೆಗೆಯಬಾರದು ಅಂತ ಮಕ್ಕಳಿಗೆ ಹೇಳಿಸಿ. ಕಂಬಳಿಯಿಂದ ಎಷ್ಟಾಯಿತು, ರೇಖಿಯಿಂದ ಎಷ್ಟಾಯಿತು ಅಂತ ಲೆಕ್ಕ ಹಾಕುವುದು ಕಷ್ಟ. ನಾಯಿಗೆ ಆ ಲೆಕ್ಕ ಬೇಕಾಗಿಯೂ ಇಲ್ಲ.

ಕಾಡುಪ್ರಾಣಿಗೆ ಏಟಾಗಿದ್ದು ಕಂಡರೆ ಅರಣ್ಯ ಇಲಾಖೆಗೆ ಹೇಳಿ. ಸತ್ತ ಮಂಗ ಕಂಡರೆ ಮುಟ್ಟಲೇಬೇಡಿ, ಆರೋಗ್ಯ ಇಲಾಖೆಗೆ ತಿಳಿಸಿ. ಮಂಗನ ಕಾಯಿಲೆ ಹರಡುವುದು ಉಣ್ಣೆಯಿಂದ. ಕೊಪ್ಪ, ನರಸಿಂಹರಾಜಪುರದ ಕಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಮುದಿ ನಾಯಿ, ಇನ್ನು ಚಿಕಿತ್ಸೆ ಸಾಗದು ಅಂತ ಡಾಕ್ಟರ್ ಹೇಳಿದ್ದಾರೆ ಅಂದಾಗ ಮನೆಯವರು ನಿಮ್ಮನ್ನು ಒಂದು ಪ್ರಶ್ನೆ ಕೇಳುತ್ತಾರೆ. "ಅದಕ್ಕೆ ಹೋಗೋ ಮನಸ್ಸಿದೆಯಾ ಕೇಳಿ ಹೇಳ್ತೀರಾ?" ಹೇಳಬೇಡಿ. ಆ ತೀರ್ಮಾನವನ್ನು ಮನೆಯವರೂ ಡಾಕ್ಟರೂ ಕೂತು ಮಾಡಬೇಕು. ತಿನ್ನುತ್ತಿದೆಯಾ, ಎದ್ದು ನಿಲ್ಲುತ್ತಿದೆಯಾ, ಮಲಗಿದಲ್ಲೇ ಒದ್ದೆಯಾಗುತ್ತಿದೆಯಾ, ನೋವಿಗೆ ಕೊಟ್ಟ ಮದ್ದು ಕೆಲಸ ಮಾಡುತ್ತಿದೆಯಾ ಅಂತ ಡಾಕ್ಟರ್ ಹತ್ತಿರ ಮಾತಾಡಿ ಅನ್ನಿ. ನೀವು ಕೂರುವುದಾದರೆ ನಾಯಿಗೆ ಮಾತ್ರ ಕೂರಬೇಡಿ, ಅದನ್ನು ಸಾಕಿದವರಿಗೂ ಕೂರಿ. ಬೆಂಗಳೂರಿನಿಂದ ಹೊರಟ ಮಗನಿಗೆ ಊರು ತಲುಪುವವರೆಗೆ ಒಂದು ಫೋನ್ ಮಾಡಿ ಮಾತಾಡಿಸುವುದೂ ಇದರಲ್ಲೇ ಸೇರುತ್ತದೆ.

ದುಡ್ಡು, ಬೋರ್ಡು

ತಗೊಳ್ಳುವವರು ತಗೊಳ್ಳಲಿ, ಸಮಯಕ್ಕೆ ಬೆಲೆ ಇದೆ. ಎಷ್ಟು ಅಂತ ಮೊದಲೇ ಹೇಳಿಬಿಡಿ. "ಇನ್ನೂ ಹನ್ನೊಂದು ದಿನ ಬೇಕಾಗುತ್ತೆ" ಅಂತ ಎಳೆಯುವುದು ಬೇಡ. ಡಾಕ್ಟರ್ ಫೀಸಿಗೆ ದುಡ್ಡಿಲ್ಲ ಅನ್ನುವವರ ಹತ್ತಿರ ಒಂದು ರೂಪಾಯಿಯೂ ಬೇಡ, ಆ ದುಡ್ಡು ಮದ್ದಿಗೆ ಹೋಗಲಿ.

ವಾಟ್ಸಾಪ್ ಸ್ಟೇಟಸ್ಸಿನಲ್ಲೋ ಅಂಗಡಿ ಬೋರ್ಡಿನಲ್ಲೋ ಬರೆಯುವಾಗ ಜಾಗ್ರತೆ. ಔಷಧ ಮತ್ತು ಮಾಂತ್ರಿಕ ಪರಿಹಾರಗಳ ಜಾಹೀರಾತಿನ ಮೇಲೆ 1954ರ ಕಾಯ್ದೆ ಇದೆ. ಮಂತ್ರ, ತಾಯಿತದಂಥ ಪರಿಹಾರಗಳ ವಿವರಣೆಯಲ್ಲಿ ಮನುಷ್ಯರ ಜೊತೆ ಪ್ರಾಣಿಗಳ ಕಾಯಿಲೆಯನ್ನೂ ಅದು ಹೆಸರಿಸುತ್ತದೆ. "ಕಾಲುಬಾಯಿ ರೋಗಕ್ಕೆ ದೂರದಿಂದಲೇ ಪರಿಹಾರ" ಅಂತೆಲ್ಲ ಬರೆಯಬೇಡಿ. ಕಾಲುಬಾಯಿಗೆ ಲಸಿಕೆ ಇದೆ, ಪಶುಪಾಲನಾ ಇಲಾಖೆಯವರು ಅಭಿಯಾನ ಮಾಡಿ ಹಾಕುತ್ತಾರೆ. "ಪ್ರಾಣಿಗಳಿಗೆ ರೇಖಿ, ಪಶುವೈದ್ಯರ ಚಿಕಿತ್ಸೆಯ ಜೊತೆಗೆ ಮಾತ್ರ" ಅಂತ ಬರೆಯಿರಿ, ಕೆಳಗೆ ನಿಮ್ಮ ಫೋನ್ ನಂಬರಿಗಿಂತ ದೊಡ್ಡ ಅಕ್ಷರದಲ್ಲಿ 1962 ಹಾಕಿ.